ಯಾರ ಗಾಡಿ

"ಏಯ್, ಆ ಹೇಲು ಗಾಡಿ ತೆಗಿಯೋ ಬಾಗಿಲಿಂದ! ನಿಮ್ಮಪ್ಪನ ಮನೆ ಅಂದ್ಕೊಂಡಿದೀಯೇನೋ, ಬೇವರ್ಸಿ?"

ಫೈನಾನ್ಸ್ ಕಚೇರಿಯ ಕಾವಲುಗಾರ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯ ಕೋಲಿನಿಂದ ನಮ್ಮ ಟ್ಯಾಂಕರಿಗೆ ಬಡಿದ. ಬಡಿದದ್ದು ಟ್ಯಾಂಕಿನ ಮೇಲೆ ದೊಡ್ಡದಾಗಿ ಬರೆಸಿದ್ದ ಅವನದೇ ಫೈನಾನ್ಸಿನ ಹೆಸರಿಗೆ. ಅಪ್ಪ ಗಾಡಿಯನ್ನು ಚರಂಡಿಯ ಪಕ್ಕಕ್ಕೆ ಸರಿಸಿದ. ಬೆಳಿಗ್ಗೆ ಒಂದು ವಠಾರದ ಪಾಯಿಖಾನೆ ಗುಂಡಿಯನ್ನು ಪೈಪಿನಿಂದ ಟ್ಯಾಂಕಿಗೆ ಎಳೆದು, ತಳದ ಕೆಸರನ್ನು ಅಪ್ಪ ಇಳಿದು ಬಾಚಿದ್ದ. ಊರಾಚೆ ಹೋಗಿ ಖಾಲಿ ಮಾಡಿ ಬರುವಷ್ಟರಲ್ಲಿ ಮ್ಯಾನೇಜರ್ ಊಟಕ್ಕೆ ಎದ್ದುಬಿಡುತ್ತಾನೆಂದು ತುಂಬಿದ ಗಾಡಿಯಲ್ಲೇ ಬಂದಿದ್ದೆವು.

ಗಾಡಿಯ ಸಾಲ ತೀರಿ ವರ್ಷವಾಗಿತ್ತು. ಗಾಡಿ ಪುಸ್ತಕದಲ್ಲಿ ಮಾತ್ರ ಫೈನಾನ್ಸಿನ ಹೆಸರು ಹಾಗೇ ಕೂತಿತ್ತು. ಬಾಕಿ ಏನೂ ಇಲ್ಲವೆಂದು ಇವರು ಎನ್‌ಒಸಿ ಕೊಟ್ಟರೆ ಮಾತ್ರ ಅದು ಹೋಗುವುದು. ಹೋದರೆ ಮಾತ್ರ ಗಾಡಿ ಮಾರಬಹುದು. ಕೊಳ್ಳುವವನೊಬ್ಬ ಸಿಕ್ಕಿದ್ದ, ಇವತ್ತಿನವರೆಗೆ ಕಾಯುತ್ತೇನೆಂದಿದ್ದ. ಮಾರಿದರೆ ಅಪ್ಪ ಪಂಕ್ಚರ್ ಅಂಗಡಿ ಇಡುತ್ತಾನೆ. ಗುಂಡಿಗೆ ಇಳಿಯುವುದಿಲ್ಲ.

ಚಿಕ್ಕಪ್ಪ ಇಳಿದವನು ಮೇಲೆ ಬಂದಿರಲಿಲ್ಲ. ಅಂದಿನಿಂದ ಅಪ್ಪ ಇಳಿದಾಗಲೆಲ್ಲ ನಾನು ಕಾಲೇಜು ಬಿಟ್ಟು ಹಗ್ಗ ಹಿಡಿದು ನಿಲ್ಲುತ್ತೇನೆ. "ಅಪ್ಪಾ, ಇದೀಯಾ?" ಎಂದು ಕೂಗುತ್ತಲೇ ಇರುತ್ತೇನೆ. "ಇದೀನಿ ಕಣವ್ವ, ಇಲ್ಲೇನು ನೆಂಟರ ಮನೆ ಇದ್ಯಾ ಹೋಗೋಕೆ?" ಎನ್ನುತ್ತಾನೆ. ಉತ್ತರ ತಡವಾದರೆ ಎಳೆಯಬೇಕು.

ಒಳಗೆ ಕುರ್ಚಿಗಳು ಖಾಲಿ ಇದ್ದವು. ನಾವು ನಿಂತೆವು. ಮ್ಯಾನೇಜರ್ ನಾವು ಮೇಜಿನ ಮೇಲಿಟ್ಟ ಗಾಡಿ ಪುಸ್ತಕವನ್ನು ಮುಟ್ಟಲಿಲ್ಲ, ಪೆನ್ನಿನ ತುದಿಯಿಂದ ಹಾಳೆ ಮಗುಚಿದ.

"ನಿನ್ನ ಸಾಲ ತೀರಿದೆ. ಯಾರು ಇಲ್ಲ ಅಂದ್ರು? ತಮ್ಮನ ಸಾಲಕ್ಕೆ ಜಾಮೀನು ಹಾಕಿದ್ದು ಯಾರು?"

"ನಾನೇ ಸ್ವಾಮಿ."

ನಮ್ಮ ಕೇರಿಯವರಿಗೆ ಹೊರಗಿನವರು ಜಾಮೀನು ನಿಲ್ಲುವುದಿಲ್ಲ. ಅಣ್ಣನಿಗೆ ತಮ್ಮ, ತಮ್ಮನಿಗೆ ಅಣ್ಣ. ಒಬ್ಬನ ಗಾಡಿ ಬಿಡಿಸಲು ಹೋದರೆ ಇನ್ನೊಬ್ಬನ ಗಂಟು ಬಿಗಿಯುತ್ತದೆ.

"ಅವನು ಸತ್ತೋದ ಸ್ವಾಮಿ."

"ಸತ್ರೆ? ಸಾಲಾನೂ ಜೊತೇಲಿ ಹೂತ್ರಾ?"

ಮಾತುಗಳನ್ನು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. "ಸಾರ್, ಚಿಕ್ಕಪ್ಪನ ಗಾಡಿ ನೀವೇ ಎಳ್ಕೊಂಡು ಹೋಗಿ ಮಾರಿದ್ರಿ. ಆ ಲೆಕ್ಕ..."

"ಓಹೋ, ಲಾಯರಮ್ಮ! ಗುಜರಿಗೆ ಹೋಯ್ತಮ್ಮ ಅದು. ಹೇಲಿನ ಗಾಡಿಗೆ ಯಾವನು ದುಡ್ಡು ಕೊಡ್ತಾನೆ?" ಪಕ್ಕದ ಮೇಜಿನವಳು ಸೆರಗು ಮೂಗಿಗೊತ್ತಿಕೊಂಡೇ ನಕ್ಕಳು. "ಪತ್ರ ಸಿಗಲ್ಲ. ಪೂರ್ತಿ ಕಟ್ಟೋವರೆಗೂ ಗಾಡಿ ನಮ್ದು, ತಿಳ್ಕೋ. ನಡೀರಿ, ಊಟದ ಹೊತ್ತು. ಮೊದ್ಲು ಆ ದರಿದ್ರಾನ ಎತ್ಕೊಂಡು ಹೋಗಿ."

ಅಪ್ಪ ತಲೆ ತಗ್ಗಿಸಿ ಹೊರಗೆ ಹೋದ. ನಾನು ಪುಸ್ತಕ ಎತ್ತಿಕೊಂಡು ಓಡಿದೆ. ಇನ್ನು ಮನೆಗೆ, ನಾಳೆ ಮತ್ತೆ ಗುಂಡಿಗೆ ಎಂದುಕೊಂಡೆ.

ಅಪ್ಪ ಗಾಡಿ ಹತ್ತಿದ. ಚರಂಡಿಯ ಪಕ್ಕದಿಂದ ತಿರುಗಿಸಿ, ಹಿಂದಕ್ಕೆ ಬಿಟ್ಟು, ಟ್ಯಾಂಕಿನ ಬೆನ್ನನ್ನು ಕಚೇರಿಯ ಬಾಗಿಲಿಗೇ ತಂದು ನಿಲ್ಲಿಸಿದ. ಕೋಲೆತ್ತಿ ಬಂದ ಕಾವಲುಗಾರ ಅಪ್ಪನ ಕೆಸರು ಕೈ ನೋಡಿ ಹಿಂದೆ ಸರಿದ.

ಅಪ್ಪ ಉಳಿದ ಸಂದಿಯಲ್ಲಿ ನುಸುಳಿ ಒಳಗೆ ಹೋಗಿ ಮ್ಯಾನೇಜರನ ಮೇಜಿನ ಗಾಜಿನ ಮೇಲೆ ಬೀಗದ ಕೈ ಇಟ್ಟ.

"ನಿಮ್ ಗಾಡಿ ಅಲ್ವಾ ಸ್ವಾಮಿ. ತುಂಬೈತೆ. ನೀವೇ ಖಾಲಿ ಮಾಡ್ಕೊಳ್ಳಿ."

"ಏಯ್! ತೆಗಿಯೋ ಬೋಳಿಮಗನೆ! ಪೊಲೀಸ್ ಕರಿಸ್ತೀನಿ! ಯಾರ್ರೋ, ಬೀಗದ ಕೈ ತಗೊಳ್ರೋ, ಗಾಡಿ ಆಚೆ ಹಾಕ್ರೋ!"

ಯಾರೂ ತೆಗೆದುಕೊಳ್ಳಲಿಲ್ಲ. ಮೇಜಿನವಳು ಕುರ್ಚಿ ಹಿಂದಕ್ಕೆಳೆದುಕೊಂಡಳು. ಕಾವಲುಗಾರ ಕೋಲಿನ ತುದಿಯಿಂದ ಅದನ್ನು ತಳ್ಳಿ ನೋಡಿದ. ಬೀಗದ ಕೈ ಗಾಜಿನ ಮೇಲೆ ಜಾರಿ ಮ್ಯಾನೇಜರನ ಊಟದ ಡಬ್ಬಿಗೆ ತಗುಲಿ ನಿಂತಿತು.

ಹೊರಗೆ ಬಂದು, ರಸ್ತೆಯಾಚೆ ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಅಪ್ಪ ಕುಕ್ಕರುಗಾಲಲ್ಲಿ ಕೂತ. ಬಾಗಿಲ ಸಂದಿಯಿಂದ ಬೈಗುಳ ಬರುತ್ತಲೇ ಇತ್ತು. ಟ್ಯಾಂಕಿನ ಬಾಯಿಂದ ತೊಟ್ಟಿಕ್ಕಿದ್ದು ಅವರ ಬಿಳಿ ಕಲ್ಲಿನ ಹೊಸ್ತಿಲ ಕಡೆಗೆ ಹರಿಯತೊಡಗಿತ್ತು. ಅಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಯಾರದೋ ಗುಂಡಿ ತುಂಬಿರಬೇಕು. ಅಪ್ಪ ಜೇಬು ಮುಟ್ಟಿಕೊಳ್ಳಲೂ ಇಲ್ಲ.

"ಅಪ್ಪಾ, ಇದೀಯಾ?" ಎಂದೆ.

ಉತ್ತರ ತಡವಾಯಿತು. ನನ್ನ ಕೈಯಲ್ಲಿ ಹಗ್ಗವಿರಲಿಲ್ಲ.