ಎರಡನೆಯವನ ಹಾಜರಿ

ಮೇಷ್ಟ್ರ ಮಗಳು ಫೋನು ಮಾಡಿದಾಗ ನಾನು ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದೆ. "ಚಿಕ್ಕಪ್ಪ, ಅಪ್ಪ ದಿನಾ ಮಧ್ಯಾಹ್ನ ಹಾಜರಿ ತಗೋತಾರೆ. ಯಾರೂ ಓ ಅನ್ನಲ್ಲ ಅಂತ ಅಳ್ತಾರೆ. ಡಾಕ್ಟ್ರು ಹೆಚ್ಚು ದಿನ ಇಲ್ಲ ಅಂದಿದಾರೆ. ಒಂದ್ಸಲ ಬಂದು ಹೋಗಿ."

ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ಯುದ್ಧದಲ್ಲಿ ನಮ್ಮ ಕಾಲ್ದಳದ ತುಕಡಿಗೆ ಮುಂದಾಳು. ಹಾಜರಿಯ ಹುಚ್ಚಿಗೆ ನಾವಿಟ್ಟ ಹೆಸರು ಅದು. ಮಂಜಿನಲ್ಲಿ ನಡೆಯುವಾಗ ನೂರು ಹೆಜ್ಜೆಗೊಮ್ಮೆ ಕಟ್ಟಕಡೆಯವನಾದ ನಾನು "ಒಂದು" ಎಂದು ಮುಂದಿನವನ ಹೆಗಲು ತಟ್ಟಬೇಕು, ಅವನು "ಎರಡು" ಎಂದು ಅವನ ಮುಂದಿನವನದು. "ಏಳು" ಮೇಷ್ಟ್ರ ಹೆಗಲು ಮುಟ್ಟಿದರೆ ಎಲ್ಲರೂ ಇದ್ದೇವೆ ಅಂತ. ಈಗ ಉಳಿದಿರುವುದು ಅವರು ಮತ್ತು ನಾನು.

ಎರಡನೆಯವನನ್ನು ಗೊರಕೆ ಅನ್ನುತ್ತಿದ್ದೆವು. ನಿಂತಲ್ಲೇ ನಿದ್ದೆ ಹೊಡೆಯುವ ಆಸಾಮಿ, ಒಡಕು ದನಿ. ನಾವು ಹಿಂದೆ ಸರಿಯುತ್ತಿದ್ದ ಒಂದು ಬೆಳಿಗ್ಗೆ, ಬೂಟಿನ ಲೇಸು ಬಿಚ್ಚಿತೆಂದು ಕೂತ. "ನೀನು ನಡಿ, ನನ್ನ ನಂಬರೂ ನೀನೇ ಹೇಳ್ಬಿಡು. ಬಂದೆ." ಅವನ ದನಿ ಅಣಕಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಒಂದು ನನ್ನ ದನಿಯಲ್ಲಿ, ಎರಡು ಅವನ ದನಿಯಲ್ಲಿ. ಹೀಗೆ ಮೂರು ಹಾಜರಿ ಹೇಳಿದೆ. ಮಂಜು ಕರಗಿದಾಗ ಅವನಿರಲಿಲ್ಲ. ಯಾವಾಗ ತಪ್ಪಿಹೋದನೋ ಗೊತ್ತಾಗಲಿಲ್ಲ ಅಂದುಬಿಟ್ಟೆ.

ಇದನ್ನು ಹೆಂಡತಿಗೂ ಹೇಳಿಲ್ಲ. ಹೇಳುವುದಿದ್ದರೆ ಮೇಷ್ಟ್ರಿಗೆ, ಅದೂ ಇವತ್ತೇ.

"ಕೊರಳಲ್ಲಿರೋ ಟೇಪು ತೆಗೆದಿಟ್ಟು ಹೋಗಿ. ಈಗಲೇ ಕೊನೇ ಬಟ್ಟೆ ಅಳತೆಗೆ ಬಂದ ಅಂದ್ಕೊಂಡಾರು" ಎಂದಳು ಹೆಂಡತಿ.

ಬಿಳಿ ಪರದೆ ಬಿಸಿಲಿಗೆ ಬೆಳಗಿ, ಮೇಷ್ಟ್ರ ಕೋಣೆಯ ಗೋಡೆ, ಮಂಚ, ನೀರಿನ ಲೋಟ ಎಲ್ಲ ಮಸುಕಾಗಿದ್ದವು. ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವತ್ತು ಮಂಜಿನಲ್ಲಿದ್ದ ಹಾಗೇ ನನಗೆ ಬರೀ ಬೆನ್ನು ಕಾಣುತ್ತಿತ್ತು. ಆ ಬೆನ್ನಿಗೂ ನನಗೂ ನಡುವೆ ಐದಾರು ಜನ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದಾರೆ ಅನ್ನಿಸಿತು.

"ಹಾಜರಿ" ಎಂದರು.

ಹೆಗಲು ತಟ್ಟಿದೆ. "ಒಂದು."

ಉಳಿದ ಆರನ್ನೂ ಹೇಳಿಬಿಟ್ಟರೆ ಅವರು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾರೆ, ನನ್ನ ಸುಳ್ಳು ನನ್ನ ಜೊತೆಗೇ ಉಳಿಯುತ್ತದೆ. ಆಗಲಿಲ್ಲ. "ಮೇಷ್ಟ್ರೇ, ಅವತ್ತು ಎರಡು ಅಂದಿದ್ದು ನಾನು."

"ಗೊತ್ತು" ಎಂದರು, ತಿರುಗದೆ. "ಗೊರಕೆನ ಎರಡು ಸಲ ತಟ್ಟಬೇಕು. ಅವನಿದ್ರೆ ಹಾಜರಿ ತಡವಾಗೋದು. ಅವತ್ತು ಚಕಚಕ ಅಂತ ಬಂತು."

ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಒಬ್ಬನೇ ಹೊತ್ತಿದ್ದೆನಲ್ಲ. "ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ಹಿಂದೆ ಹೋಗಿದ್ರೆ ಉಳಿದವರೂ ಸಿಗ್ತಿರಲಿಲ್ಲ. ನಂಬೋದು ಸುಲಭ ಇತ್ತು, ನಂಬಿದೆ." ಹೆಗಲು ನನ್ನ ಕಡೆ ಸರಿಸಿದರು. "ಸರಿಯಾಗಿ ಹೇಳು. ಇನ್ನೊಂದ್ಸಲ."

ಹೆಗಲು ತಟ್ಟಿ "ಒಂದು" ಎಂದೆ. ಎರಡನ್ನು ಗೊರಕೆಗೇ ಬಿಟ್ಟೆ. ಪರದೆ ಸ್ವಲ್ಪ ಅಲ್ಲಾಡಿತು. ಅವನು ಲೇಸು ಕಟ್ಟಿಕೊಂಡು ಬರಲಿ ಎಂದು ಕಾದೆವು.