ಗಾಳಿಯಿಲ್ಲದ ದಿನಗಳು

ಗುಡ್ಡದ ಮೇಲೆ ಗಾಳಿ ಎದ್ದರೆ ಅಕ್ಕನ ಲಾಂಡ್ರಿಯಲ್ಲಿ ಮೆಷಿನ್ನುಗಳು ತಾವಾಗಿಯೇ ತಿರುಗಲು ಶುರುಮಾಡುತ್ತಿದ್ದವು. ಯಾರೂ ಗುಂಡಿ ಒತ್ತಬೇಕಾಗಿರಲಿಲ್ಲ. ಬೆಳಿಗ್ಗೆ ಬಟ್ಟೆ ತುಂಬಿ, ಸೋಪಿನ ಪುಡಿ ಸುರಿದು, ಬಾಗಿಲು ಮುಚ್ಚಿ, ಸಂಜೆಯೊಳಗೆ ಆಗಬೇಕು ಎಂದು ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಗೆ ತಿಳಿಸಿಬಿಟ್ಟರೆ ಮುಗಿಯಿತು. ಆಮೇಲೆ ಅದುಂಟು, ಗಾಳಿಯುಂಟು. ಅಕ್ಕ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು, ಒದ್ದೆ ಬಟ್ಟೆಯ, ಬಿಸಿ ಇಸ್ತ್ರಿಯ ವಾಸನೆಯೊಳಗೆ ಅರ್ಧ ಎಚ್ಚರ ಅರ್ಧ ಮಂಪರಿನಲ್ಲಿ ಆ ದುಂಡು ಗಾಜುಗಳನ್ನೇ ನೋಡುತ್ತಿದ್ದಳು. ಒಂದು ಡ್ರಮ್ಮು ತಿರುಗಿದರೆ ಅಲ್ಲಿ ಮೇಲೆ ತಂಗಾಳಿ. ಎಲ್ಲವೂ ತಿರುಗಿದರೆ ಹುಲ್ಲೆಲ್ಲ ನೆಲಕ್ಕೆ ಮಲಗಿರಬೇಕು. ಯಾರದೋ ನೀಲಿ ಅಂಗಿ ಗಾಜಿಗೆ ಬಂದು ತೋಳು ಚಾಚಿ ಮತ್ತೆ ನೊರೆಯಲ್ಲಿ ಮುಳುಗುವಾಗ, ಆ ಅಂಗಿಯವನು ಗಾಳಿಯಲ್ಲಿ ಎಲ್ಲಿಗೋ ಹಾರಿಹೋಗುತ್ತಿದ್ದಾನೆ ಅನ್ನಿಸುತ್ತಿತ್ತು ಅವಳಿಗೆ.

ಬೀದಿಗೆಲ್ಲ ಅವಳು ಅಕ್ಕ. ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅಕ್ಕ ಎನ್ನಬೇಕಾದವಳು ಒಬ್ಬಳೇ ಇದ್ದಳು, ಮಾಳಿಗೆಯ ಮೇಲಿನ ಕೋಣೆಯಲ್ಲಿದ್ದ ತಂಗಿ. ಅವಳು ಮಾತ್ರ ಕರೆಯುತ್ತಿರಲಿಲ್ಲ. ಇಬ್ಬರ ನಡುವೆ ಮಾತು ನಿಂತು ವರ್ಷದ ಮೇಲಾಗಿತ್ತು.

ಜಗಳ ಬಂದದ್ದೂ ಆ ಪೆಟ್ಟಿಗೆಯಿಂದಲೇ. ಗುಡ್ಡದ ಮೇಲಿನ ಗಾಳಿಯಂತ್ರದ ಕರೆಂಟು, ಚಾವಣಿಗಳ ಮೇಲಿನ ಸೋಲಾರ್ ಕರೆಂಟು, ಶಾಲೆಯ ಹಿಂದಿನ ಶೆಡ್ಡಿನಲ್ಲಿದ್ದ ದೊಡ್ಡ ಬ್ಯಾಟರಿಗಳು, ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿ ಬೀದಿಗೆ ಹಂಚುವ ಏರ್ಪಾಟಿನಲ್ಲಿ ತಂಗಿಗೆ ಕೆಲಸ. ಅವಳೇ ಮನೆಮನೆಗೆ ಹೋಗಿ ಫ್ರಿಜ್ಜಿನ ಪಕ್ಕ, ನೀರಿನ ಪಂಪಿನ ಪಕ್ಕ, ಗೀಸರಿನ ಪಕ್ಕ ಅಂಗೈಯಗಲದ ಪೆಟ್ಟಿಗೆ ಕೂರಿಸಿದ್ದಳು. ಯಾವ ಯಂತ್ರ ಎಷ್ಟು ಕರೆಂಟು ಕುಡಿಯುತ್ತಿದೆ ಎಂದು ಪೆಟ್ಟಿಗೆ ಅಳೆದು ನೀರಿನ ಟ್ಯಾಂಕಿನ ಮೇಲಿನ ಕಂಬಕ್ಕೆ ಹೇಳುವುದು. ಕಂಬ ಅದನ್ನು ದೂರದ ದೊಡ್ಡ ಕಚೇರಿಗೆ ಮುಟ್ಟಿಸುವುದು. ಯಾರು ಈಗ ಉಣ್ಣಬೇಕು, ಯಾರು ಸ್ವಲ್ಪ ತಡೆಯಬೇಕು ಎಂಬ ಅಪ್ಪಣೆ ಅಲ್ಲಿಂದ ವಾಪಸು ಬರುವುದು. ಅಕ್ಕನ ಲಾಂಡ್ರಿಗೆ ಪೆಟ್ಟಿಗೆ ಬಂದ ಮೊದಲ ವಾರವೇ ಹೋಟೆಲಿನವರ ಮೇಲುಹೊದಿಕೆಗಳು ನೊರೆಯಲ್ಲಿ ನೆನೆದಂತೆಯೇ ಮೆಷಿನ್ನು ನಿಂತುಬಿಟ್ಟಿತು. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಮುಗ್ಗಲು ವಾಸನೆ ಬೀದಿಯ ತುದಿಗೆ ಬಡಿಯಿತು.

"ನಿನಗೆ ಮನುಷ್ಯರ ಹತ್ತಿರ ಮಾತಾಡೋಕೆ ಬರಲ್ಲ ಕಣೆ, ಅದಕ್ಕೇ ಡಬ್ಬಿಗಳ ಹತ್ತಿರ ಮಾತಾಡ್ಕೊಂಡು ಓಡಾಡ್ತೀಯ," ಎಂದುಬಿಟ್ಟಳು ಅಕ್ಕ, ಗಿರಾಕಿಗಳ ಎದುರೇ.

ತಂಗಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿದಳು. ಅಷ್ಟೇ.

ಅಂದಿನಿಂದ ಇಬ್ಬರ ನಡುವೆ ಅಮ್ಮನೇ ಕಂಬ. ಅಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗಿಯೇ ಆಯುಷ್ಯದ ಅರ್ಧ ಕಳೆದವಳು. ಊರಿನವರಿಗೆ ಅವಳ ಮುಖಕ್ಕಿಂತ ಗಂಟಲು ಹೆಚ್ಚು ಪರಿಚಯ. ನಿವೃತ್ತಿಯಾದ ಮೇಲೂ ಆ ಗಂಟಲಿಗೆ ಬಿಡುವಿರಲಿಲ್ಲ. "ಅವಳಿಗೆ ಹೇಳಮ್ಮ, ನಾಳೆ ಆಸ್ಪತ್ರೆ ಬಟ್ಟೆ ಜಾಸ್ತಿ ಇದೆ ಅಂತ." "ಅವಳಿಗೆ ಹೇಳಮ್ಮ, ನಾಳೆ ಮಧ್ಯಾಹ್ನದ ತನಕ ಗಾಳಿ ಇರಲ್ಲ ಅಂತ." ಅಮ್ಮ ಮೆಟ್ಟಿಲು ಹತ್ತಿ ಇಳಿದು ಹೇಳುತ್ತಿದ್ದಳು. ಇಸ್ತ್ರಿ ಹಾಕುವ ಮುದುಕ, ಎಲ್ಲರ ಬಾಯಲ್ಲೂ ಇಸ್ತ್ರಿ ಮಾವ, ಇದನ್ನು ನೋಡಿ ನೋಡಿ ಒಮ್ಮೆ, "ನಿಮ್ಮಮ್ಮನಿಗೂ ಒಂದು ಮೀಟರ್ ಹಾಕಿಸಮ್ಮ, ಎಷ್ಟು ಓಡಿದೆ ಅಂತ ಗೊತ್ತಾಗಲಿ," ಎಂದಿದ್ದ.

ಕೊನೆಗೆ ಆ ಗಂಟಲೇ ಕೈಕೊಟ್ಟಿತು. ಅಮ್ಮನ ದನಿ ಒಡೆದು, ಗೊಗ್ಗರಾಗಿ, ಒಂದು ದಿನ ಬರೀ ಉಸಿರಷ್ಟೇ ಹೊರಬಿತ್ತು. ಡಾಕ್ಟರು ಒಳಗೆ ಗಂಟಾಗಿದೆ ಎಂದು ಸಣ್ಣ ಆಪರೇಷನ್ನು ಮಾಡಿ, "ನಾನು ಹೇಳೋ ತನಕ ಬಾಯಿಗೆ ಬೀಗ. ಪಿಸುಗುಟ್ಟೋದೂ ಬೇಡ," ಎಂದು ಕಳಿಸಿದರು.

ಅಮ್ಮನ ಕೈಗೊಂದು ಸ್ಲೇಟು ಬಂತು. ನೀರು, ಹಸಿವು, ಫ್ಯಾನು ಎಂದು ತನಗೆ ಬೇಕಾದ್ದನ್ನು ಚೆಂದಾಗಿ ಬರೆದು ತೋರಿಸುತ್ತಿದ್ದಳು. ಆದರೆ ಅಕ್ಕ "ಅವಳಿಗೆ ಹೇಳಮ್ಮ" ಎಂದು ಶುರು ಮಾಡಿದರೆ ಸ್ಲೇಟನ್ನು ಸೆರಗಿನಿಂದ ಒರೆಸಿ ಮಗುಚಿಟ್ಟು, ಕಿಟಕಿಯಾಚೆ ನೋಡುತ್ತಿದ್ದಳು. ಕಿವಿಯೂ ಹೋಯಿತೇನೋ ಎಂಬಂತೆ.

ಅದೇ ವಾರ ಗಾಳಿ ಬಿದ್ದುಹೋಯಿತು.

ಮೊದಮೊದಲು ಯಾರಿಗೂ ಅದು ಲೆಕ್ಕಕ್ಕೆ ಬರಲಿಲ್ಲ. ಬಿಸಿಲು ಬಿಳಿಯ ಗೋಡೆಗಳ ಮೇಲೆ ಹಾಲು ಚೆಲ್ಲಿದ ಹಾಗೆ ಬಿದ್ದಿತ್ತು. ಒಂದು ಎಲೆಯೂ ಅಲ್ಲಾಡಲಿಲ್ಲ. ಹಗ್ಗದ ಮೇಲೆ ಹಾಕಿದ ಬಟ್ಟೆಗಳು ನಿಂತ ಮನುಷ್ಯರ ಹಾಗೆ ತೂಗಾಡದೆ ನಿಂತಿದ್ದವು. ಜನರ ನಡಿಗೆಯೇ ನಿಧಾನವಾಯಿತು. ನಾಯಿ ಬೀದಿಯ ನಡುವೆ ಮಲಗಿದರೆ ಸೈಕಲ್ಲಿನವರು ಸುತ್ತು ಹಾಕಿ ಹೋಗುತ್ತಿದ್ದರು. ಅಂಗಡಿಯವರು ಗಿರಾಕಿಗೆ ಚಿಲ್ಲರೆ ಕೊಡಲು ಕೈ ಚಾಚಿದವರು ಹಾಗೆಯೇ ಏನನ್ನೋ ಯೋಚಿಸುತ್ತ ನಿಂತುಬಿಡುತ್ತಿದ್ದರು. ಲಾಂಡ್ರಿಯಲ್ಲಿ ಡ್ರಮ್ಮುಗಳು ಸುಮ್ಮನಿದ್ದವು. ಆ ಮೌನದಲ್ಲಿ ಅಕ್ಕನಿಗೆ ತನ್ನ ಉಸಿರು ತನಗೇ ಕೇಳಿಸುತ್ತಿತ್ತು. ಮೇಲಿನ ಕೋಣೆಯಲ್ಲಿ ತಂಗಿ ಕುರ್ಚಿ ಎಳೆದದ್ದು, ಎದ್ದದ್ದು, ಮತ್ತೆ ಕೂತದ್ದು ಕೇಳಿಸುತ್ತಿತ್ತು. ಇಷ್ಟು ದಿನ ಮೆಷಿನ್ನಿನ ಸದ್ದಿನ ಹಿಂದೆ ಇವಳು ಇಷ್ಟೊಂದು ಓಡಾಡುತ್ತಿದ್ದಳೇ ಎಂದು ಅಚ್ಚರಿಯಾಯಿತು.

ಆಮೇಲೆ ರಸ್ತೆ ಅಗೆಯುವವರು ಎಲ್ಲೋ ದೂರದಲ್ಲಿ ಕೇಬಲ್ಲು ಕತ್ತರಿಸಿದರು. ಕಂಬ ಹೇಳಿದ್ದು ದೊಡ್ಡ ಕಚೇರಿಗೆ ಮುಟ್ಟಲಿಲ್ಲ. ಕಚೇರಿಯ ಅಪ್ಪಣೆ ಬೀದಿಗೆ ಬರಲಿಲ್ಲ. ಅಪ್ಪಣೆ ಬಾರದಿದ್ದರೆ ಸುಮ್ಮನಿರಬೇಕು ಎಂದಷ್ಟೇ ಪೆಟ್ಟಿಗೆಗಳಿಗೆ ಗೊತ್ತಿತ್ತು. ದೀಪ, ಫ್ಯಾನು, ಔಷಧಿ ಅಂಗಡಿಯ ಫ್ರಿಜ್ಜು ಇವು ನಡೆದವು. ಉಳಿದದ್ದೆಲ್ಲ ಹಳದಿ ದೀಪ ಮಿಣುಕಿಸುತ್ತ ಕಾಯುತ್ತ ಕೂತಿತು. ಲಾಂಡ್ರಿಯ ಮೂಲೆಯಲ್ಲಿ ಆಸ್ಪತ್ರೆಯ ಬಟ್ಟೆಯ ಗಂಟುಗಳು ಒಂದರ ಮೇಲೊಂದು ಏರಿ ಕಿಟಕಿಯ ಅರ್ಧ ಮುಚ್ಚಿದವು. ಆಸ್ಪತ್ರೆಯ ನರ್ಸು ಬಂದು, "ಅಕ್ಕ, ಹಾಸೋಕೆ ನಮ್ಮ ಹತ್ತಿರ ಏನೂ ಉಳಿದಿಲ್ಲ. ನಾಳೆ ಬೆಳಿಗ್ಗೆ ಹೆರಿಗೆ ವಾರ್ಡಿಗಾದರೂ ಕೊಡಿ," ಎಂದು ಕೈ ಹಿಡಿದುಕೊಂಡು ಹೋದಳು.

ಅಕ್ಕ ಅಮ್ಮನ ಕೋಣೆಗೆ ಹೋದಳು. ಅಮ್ಮ ಸ್ಲೇಟು ಮಗುಚಿಟ್ಟಳು.

ಮೆಟ್ಟಿಲ ಬುಡದಲ್ಲಿ ಅಕ್ಕ ಬಹಳ ಹೊತ್ತು ನಿಂತಿದ್ದಳು. ಕರೆಯೋಣ ಎಂದರೆ ಬಾಯಿ ಬರುತ್ತಿಲ್ಲ. ಬಾಯಿ ಬಂದರೆ ಏನೆಂದು ಕರೆಯುವುದು ತಿಳಿಯುತ್ತಿಲ್ಲ. ಅಷ್ಟರಲ್ಲಿ ಮೇಲಿನಿಂದ ತಂಗಿಯೇ ಇಳಿದು ಬಂದಳು. ಕೂದಲು ಕೆದರಿತ್ತು, ಕಂಕುಳಲ್ಲಿ ಲ್ಯಾಪ್‌ಟಾಪು. ನಾಲ್ಕು ಮೆಟ್ಟಿಲು ಉಳಿದಿರುವಾಗ ನಿಂತಳು.

"ನಿನ್ನ ಮೆಷಿನ್ ಒಂದು ಬೇಕು," ಎಂದಳು. ಗೋಡೆಗೆ ಹೇಳಿದ ಹಾಗೆ.

"ಯಾಕೆ?"

"ಚಾವಣಿಗಳ ಮೇಲೆ ಕರೆಂಟು ಇದೆ. ಶೆಡ್ಡಿನ ಬ್ಯಾಟರಿಯಲ್ಲೂ ಒಂದಿಷ್ಟು ಇದೆ. ಎಲ್ಲ ಮನೆಗಳೂ ಕಚೇರಿಯ ಮಾತಿಗೆ ಬಾಯಿಬಿಟ್ಕೊಂಡು ಕಾಯ್ತಾ ಕೂತಿವೆ. ಪಕ್ಕದ ಮನೆಗೆ ಬೇಕಾ ಅಂತ ಪಕ್ಕದ ಮನೆ ಪೆಟ್ಟಿಗೇನೇ ಕೇಳಿದರೆ ಆಯ್ತಲ್ಲ? ಹಾಗೆ ಬದಲಾಯಿಸಿದೀನಿ. ಸರಿಯಾಗಿ ನಡೆಯುತ್ತೋ ಇಲ್ವೋ ನೋಡೋಕೆ ಕರೆಂಟು ಜಾಸ್ತಿ ಎಳೆಯೋದು ಏನಾದರೂ ಬೇಕು. ನಿನ್ನ ದೊಡ್ಡ ಮೆಷಿನ್ನಿಗಿಂತ ಹೊಟ್ಟೆಬಾಕ ಈ ಬೀದೀಲಿ ಇನ್ನೊಂದಿಲ್ಲ."

"ಮತ್ತೆ ಮಧ್ಯದಲ್ಲಿ ನಿಂತರೆ?"

"ನಿಲ್ಲಬಹುದು." ತಂಗಿ ಒಂದು ಮೆಟ್ಟಿಲು ಇಳಿದು, "ನಿಂತರೆ ನಾನೂ ಕೂತು ಕೈಯಲ್ಲೇ ಹಿಂಡ್ತೀನಿ," ಎಂದಳು.

ಅಕ್ಕ ದಾರಿ ಬಿಟ್ಟಳು.

ಇಬ್ಬರೂ ಸೇರಿ ಹೆರಿಗೆ ವಾರ್ಡಿನ ಗಂಟು ಬಿಚ್ಚಿ ಮೆಷಿನ್ನಿಗೆ ತುಂಬಿದರು. ತಂಗಿ ನೆಲದ ಮೇಲೆ ಕಾಲು ಚಾಚಿ ಕೂತು ಲ್ಯಾಪ್‌ಟಾಪು ತೆರೆದಳು. ಪರದೆಯ ಮೇಲೆ ಬೀದಿಯ ಮನೆಗಳು ಸಣ್ಣ ಸಣ್ಣ ಚುಕ್ಕಿಗಳಾಗಿದ್ದವು. ಚುಕ್ಕಿಗಳ ನಡುವೆ ಎಳೆಗಳು ಹುಟ್ಟಿ, ಅಳಿಸಿ, ಮತ್ತೆ ಹುಟ್ಟುತ್ತಿದ್ದವು.

"ಇದು ಬೇಕರಿ," ಎಂದು ತೋರಿಸಿದಳು ತಂಗಿ. "ಅವರ ಫ್ರೀಜರ್ ಸಾಕಷ್ಟು ತಣ್ಣಗಿದೆ, ಸ್ವಲ್ಪ ಹೊತ್ತು ತಡೀತೀನಿ ಅಂತಿದೆ. ಇದು ಟೈಲರ್ ಮನೆ. ಅವರ ಚಾವಣಿಯಲ್ಲಿ ಮಿಕ್ಕಿದೆ. ಕೊಡ್ತೀನಿ ಅಂತಿದೆ. ಇದು ನಮ್ಮದು. ನೋಡು, ಕೇಳ್ತಾ ಇದೆ."

ಅಕ್ಕ ಸ್ಟೂಲಿನಿಂದ ಬಗ್ಗಿ ನೋಡಿದಳು. ತಮ್ಮ ಚುಕ್ಕಿ ಮಿನುಗಿ ಆರುತ್ತಿತ್ತು. ಬೀದಿಯಿಡೀ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಆ ನಿದ್ದೆಯ ಕೆಳಗೆ ಮನೆಗಳು ಹೀಗೆ ಪಿಸುಪಿಸು ಮಾತಾಡುತ್ತಿವೆ ಎಂದರೆ ನಂಬಲಾಗಲಿಲ್ಲ. ಗೋಡೆಗಳೆಲ್ಲ ಬಟ್ಟೆಯಷ್ಟು ತೆಳುವಾದ ಹಾಗೆ, ಬೇಕರಿಯ ಫ್ರೀಜರಿನ ತಂಪು ತನ್ನ ಪಾದದ ಮೇಲೆ ಹಾದುಹೋದ ಹಾಗೆ ಅನ್ನಿಸಿತು.

"ಕೈ ಈಗ ಪರವಾಗಿಲ್ಲ," ಎಂದಳು ಅಕ್ಕ ಇದ್ದಕ್ಕಿದ್ದಂತೆ.

"ಯಾವ ಕೈ?"

"ಸೋಪಿಗೆ ಚರ್ಮ ಏಳ್ತಾ ಇತ್ತಲ್ಲ. ನೀನು ಅಮ್ಮನ ಹತ್ತಿರ ಆಗಾಗ ಕೇಳಿ ಕಳಿಸ್ತಿದ್ದೆಯಲ್ಲ, ಅಕ್ಕನ ಕೈ ಹೇಗಿದೆ ಅಂತ. ಮುಲಾಮು ಕೂಡ ಕಳಿಸಿದ್ದೆ."

ತಂಗಿ ಪರದೆಯಿಂದ ಕಣ್ಣು ತೆಗೆದಳು. "ನಾನು ಕೇಳಿರಲಿಲ್ಲ ಅಕ್ಕ," ಎಂದಳು ಮೆಲ್ಲಗೆ. "ನನಗೆ ಗೊತ್ತೇ ಇರಲಿಲ್ಲ." ಆಮೇಲೆ, "ಹಾಗಾದರೆ ನೀನು? ಪೆಟ್ಟಿಗೆ ಬಂದ ಮೇಲೆ ಮಧ್ಯಾಹ್ನ ಸ್ವಲ್ಪ ಕೂರೋಕೆ ಬಿಡುವು ಸಿಗ್ತಿದೆ, ತಂಗಿ ಪುಣ್ಯ ಅಂತ ಹೇಳಿದ್ದೆಯಂತಲ್ಲ?"

"ನಾನೆಲ್ಲಿ ಹೇಳಿದೆ! ಅದನ್ನ ಕಿತ್ತು ಚರಂಡಿಗೆ ಎಸೀತೀನಿ ಅಂತ ಹೇಳು ಅಂದಿದ್ದೆ."

ಇಬ್ಬರೂ ಒಟ್ಟಿಗೆ ಅಮ್ಮನ ಕೋಣೆಯ ಕಡೆ ತಿರುಗಿದರು. ಬಾಗಿಲ ಸಂದಿಯಲ್ಲಿ ಸೆರಗಿನ ಚೂರೊಂದು ಕಂಡು ಸರಕ್ಕನೆ ಮಾಯವಾಯಿತು.

ಅಕ್ಕನಿಗೆ ನಗು ಬರಲಿಲ್ಲ. ವರ್ಷವಿಡೀ ಕೈಗೆ ಮುಲಾಮು ಹಚ್ಚಿಕೊಳ್ಳುವಾಗಲೆಲ್ಲ, ಮಾತಾಡದಿದ್ದರೇನು, ಒಳಗೆ ಅಕ್ಕರೆ ಇದೆಯಲ್ಲ ಎಂದುಕೊಂಡಿದ್ದಳು. ಆ ಅಕ್ಕರೆಯೆಲ್ಲ ಅಮ್ಮ ದಾರಿಯಲ್ಲಿ ಸೇರಿಸಿದ ಸಕ್ಕರೆ. ಅವಳು ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

ತಂಗಿ ಲ್ಯಾಪ್‌ಟಾಪು ಪಕ್ಕಕ್ಕಿಟ್ಟು ನೆಲದ ಮೇಲೆಯೇ ಸರಿದು ಹತ್ತಿರ ಬಂದಳು. "ಆಗ ಕೇಳಿರಲಿಲ್ಲ," ಎಂದಳು. "ಈಗ ಕೇಳ್ತಿದೀನಿ. ತೋರಿಸು."

ಅಕ್ಕ ತೋರಿಸಲಿಲ್ಲ. ತಂಗಿಯೇ ಮಡಿಲಿನಿಂದ ಆ ಕೈ ಎತ್ತಿ ಬೆಳಕಿಗೆ ಹಿಡಿದಳು. ಬೆರಳುಗಳ ಸಂದಿಯಲ್ಲಿ ಚರ್ಮ ಇನ್ನೂ ಕೆಂಪಗಿತ್ತು. "ಪರವಾಗಿಲ್ಲ ಅಂತೆ ಪರವಾಗಿಲ್ಲ," ಎಂದು ಗೊಣಗಿದಳು. ಅವಳ ಬೆರಳಿನ ತುದಿಗಳು ಒರಟಾಗಿದ್ದವು, ವಯರು ಸುಲಿದು ಸುಲಿದು. ಇವಳ ಕೈಯೂ ಹೀಗಿದೆ ಎಂದು ತನಗೂ ಗೊತ್ತಿರಲಿಲ್ಲವಲ್ಲ ಎಂದು ಹೊಳೆಯಿತು ಅಕ್ಕನಿಗೆ.

"ಅವತ್ತು ಅಷ್ಟು ಜನರ ಎದುರು ಹಾಗೆ ಅನ್ನಬಾರದಿತ್ತು ನಾನು," ಎಂದಳು.

"ಅನ್ನಬಾರದಿತ್ತು," ಎಂದಳು ತಂಗಿ. ಇಲ್ಲ, ಬಿಡು, ಹೋಗಲಿ ಎಂದೇನೂ ಅನ್ನಲಿಲ್ಲ. ಅದೇ ಅಕ್ಕನಿಗೆ ಹಿತವೆನಿಸಿತು. ಮಧ್ಯದಲ್ಲಿ ಯಾರೂ ಸಿಹಿ ಬೆರೆಸದ ಮಾತು.

ಆಗ ಮೆಷಿನ್ನಿನೊಳಗೆ ನೀರು ಸುರಿಯುವ ಸದ್ದಾಯಿತು. ಹಳದಿ ದೀಪ ಹಸಿರಾಗಿತ್ತು. ಡ್ರಮ್ಮು ಒಮ್ಮೆ ಮುಲುಗಿ, ಅತ್ತ ವಾಲಿ, ಇತ್ತ ವಾಲಿ, ನಿದ್ದೆಯಿಂದ ಎದ್ದವರು ಮೈಮುರಿದ ಹಾಗೆ ನಿಧಾನವಾಗಿ ತಿರುಗತೊಡಗಿತು. ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಇಸ್ತ್ರಿ ಮಾವ ಹೊಸ್ತಿಲಲ್ಲಿ ನಿಂತು ಆಕಾಶ ನೋಡಿದ, ಮೆಷಿನ್ನು ನೋಡಿದ, "ಗಾಳಿ ಎಲ್ಲಿಂದ ಬಂತಮ್ಮ?" ಎಂದ.

"ಗಾಳಿ ಅಲ್ಲ ಮಾವ, ಟೈಲರ್ ಮನೆ ಬಿಸಿಲು," ಎಂದಳು ಅಕ್ಕ.

ಮೆಷಿನ್ನು ಮಧ್ಯದಲ್ಲಿ ನಿಲ್ಲಲೇ ಇಲ್ಲ ಎಂದೇನಲ್ಲ. ಬೇಕರಿಯ ಫ್ರೀಜರು ಇನ್ನು ತಡೆಯಲಾರೆ ಎಂದಾಗ ನಿಂತಿತು. ಇಬ್ಬರೂ ಉಸಿರು ಹಿಡಿದು ಪರದೆ ನೋಡಿದರು. ಎಳೆಗಳು ಬೇರೆ ಕಡೆ ಹುಡುಕಿದವು. ಶಾಲೆಯ ನೀರಿನ ಪಂಪು ಬಿಟ್ಟುಕೊಟ್ಟಿತು. ಡ್ರಮ್ಮು ಮತ್ತೆ ಹೊರಟಿತು. ಬಿಸಿಲು ಇಳಿಯುವ ಹೊತ್ತಿಗೆ ಹೆರಿಗೆ ವಾರ್ಡಿನ ಹೊದಿಕೆಗಳು ಡ್ರೈಯರಿನಲ್ಲಿ ಒಣಗಿ ಬಿಸಿಬಿಸಿಯಾಗಿ ಮೇಜಿನ ಮೇಲಿದ್ದವು. ದೊಡ್ಡ ಹೊದಿಕೆ ಮಡಚಲು ಇಬ್ಬರು ಬೇಕು. ತಂಗಿ ಆ ತುದಿ ಹಿಡಿದಳು. ಅವಳಿಗೆ ಬರುತ್ತಿರಲಿಲ್ಲ, ಮೂಲೆಗಳು ಅಡ್ಡಾದಿಡ್ಡಿಯಾದವು.

"ಎಡಗೈ ಮೇಲೆ. ಎಡಗೈ ಅಂದೆ ಕಣೆ, ಬಲಗೈ ಅಲ್ಲ!"

"ನನ್ನ ಎಡವೋ, ನಿನ್ನ ಎಡವೋ?"

ಮಡಚುತ್ತ ಇಬ್ಬರೂ ಒಬ್ಬರ ಕಡೆ ಒಬ್ಬರು ನಡೆದು ಬಂದು, ಬೆರಳಿಗೆ ಬೆರಳು ತಾಗಿಸಿ ಅಂಚು ಕೊಟ್ಟು, ಮತ್ತೆ ಹಿಂದೆ ಸರಿದು, ಮತ್ತೆ ನಡೆದು ಬಂದರು. ಬಟ್ಟೆಯ ಬೆಚ್ಚನೆಯ ವಾಸನೆಯಲ್ಲಿ ಕೋಣೆ ತೇಲುತ್ತಿದ್ದಂತಿತ್ತು. ರಾಶಿ ಬೆಳೆಯಿತು.

ಕೇಬಲ್ಲು ಸರಿಯಾದ ಮೇಲೆ ದೊಡ್ಡ ಕಚೇರಿಯವರು ಬಂದು, ಕೇಳದೆ ಪೆಟ್ಟಿಗೆಗಳ ಬುದ್ಧಿ ಬದಲಾಯಿಸಿದ್ದಕ್ಕೆ ತಂಗಿಗೆ ಚೆನ್ನಾಗಿ ಮಂಗಳಾರತಿ ಎತ್ತಿದರು. ಆಮೇಲೆ ಅದನ್ನೇ ಬರೆದುಕೊಂಡು ಹೋದರು. ಅಪ್ಪಣೆ ಈಗಲೂ ಕಚೇರಿಯಿಂದಲೇ ಬರುತ್ತದೆ, ಆದರೆ ಬಾರದಿದ್ದರೆ ಬೀದಿ ಬಾಯಿ ಕಟ್ಟಿಕೊಂಡು ಕೂರುವುದಿಲ್ಲ. ಅಕ್ಕತಂಗಿಯರಿಗೂ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಡ್ರೈಯರು ಎಲ್ಲಿಡಬೇಕು, ಮೊದಲು ಯಾರ ಬಟ್ಟೆ, ಎಲ್ಲಕ್ಕೂ ಜಗಳ. ಆದರೆ ಎದುರೆದುರೇ, ಗಂಟಲು ಬಿಟ್ಟು. ಹಾಗೊಂದು ಮಧ್ಯಾಹ್ನ ಇಬ್ಬರೂ ತಾರಕಕ್ಕೇರಿದ್ದಾಗ ಅಮ್ಮ ಕೋಣೆಯಿಂದ ಹೊರಬಂದಳು. ಡಾಕ್ಟರು ಅಂದೇ ಬೀಗ ತೆಗೆದಿದ್ದರು. ದನಿ ಎಳೆಗೂಸಿನ ಹಾಗೆ ತೆಳ್ಳಗಿತ್ತು.

"ಸ್ವಲ್ಪ ಮೆಲ್ಲಗೆ," ಎಂದಳು. "ಬೀದಿಗೆಲ್ಲ ಕೇಳಿಸ್ತಿದೆ."

ತಂಗಿ ಅವಳಿಗೆ ಸ್ಟೂಲು ಎಳೆದು ಹಾಕಿದಳು, ಅಕ್ಕ ಬಿಸಿನೀರು ತಂದುಕೊಟ್ಟಳು, ಜಗಳ ಎಲ್ಲಿ ನಿಂತಿತ್ತೋ ಅಲ್ಲಿಂದ ಮತ್ತೆ ಶುರುವಾಯಿತು.