ಪರದೆಯ ಮೇಲೆ ಅಲುಗಿದ್ದು

ಶಿವನಿ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಭಾಗಮ್ಮ ಮೂತ್ರದ ಸೋಂಕನ್ನು ಬರೀ ಜ್ವರವೆಂದುಕೊಂಡು ಮಾತ್ರೆ ನುಂಗುತ್ತಾ ಕೆಲಸಕ್ಕೆ ಹೋಗುತ್ತಿದ್ದಳು. ನಂಜು ರಕ್ತಕ್ಕೇರಿತು. ಎಚ್ಚರ ತಪ್ಪಿದವಳನ್ನು ಗಂಡ ಕರಿಯಣ್ಣ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸಾಗಿಸಿದ. ಉಸಿರಾಟದ ಯಂತ್ರಕ್ಕೆ ಅಂಟಿಕೊಂಡು ವಾರಗಟ್ಟಲೆ ಮಲಗಿದ್ದು, ಹೇಗೋ ಬದುಕಿದಳು. ಆದರೆ ಎಚ್ಚೆತ್ತವಳಿಗೆ ಕೈಕಾಲುಗಳೇ ತನ್ನವಲ್ಲದಂತಾಗಿದ್ದವು. ಲೋಟ ಹಿಡಿಯಲಾಗದು, ಮಗ್ಗುಲು ಬದಲಿಸಲಾಗದು. ಮಾತು ಮಾತ್ರ ಮೊದಲಿನಷ್ಟೇ ಚುರುಕು.

ಮುಂದಿನ ಆರೈಕೆಗೆಂದು ತರೀಕೆರೆಯ ಆಸ್ಪತ್ರೆಗೆ ತಂದರು. ನೋಡಲು ಬಂದವರಲ್ಲಿ ಕೆಲವರು ಲಕ್ವ ಎಂದರು, ಕೆಲವರು ಧೈರ್ಯಗೆಟ್ಟಿದ್ದಾಳೆ ಎಂದರು. ರೈಲು ಹಳಿ ನೋಡಿಕೊಳ್ಳುವ ಕೆಲಸದ ಕರಿಯಣ್ಣನಿಗೆ ಎರಡನೆಯದೇ ಸರಿಯೆನ್ನಿಸಿತು. ಕುದಿಯುವ ಅನ್ನದ ಹಂಡೆಯನ್ನು ಒಬ್ಬಳೇ ಇಳಿಸುತ್ತಿದ್ದ ಹೆಂಗಸು ಬೆರಳೆತ್ತಲಾರಳೆಂದರೆ ನಂಬುವುದು ಹೇಗೆ?

"ಒಂಚೂರು ಮನ್ಸು ಮಾಡೇ," ಎಂದ, ದನಿ ಗಡುಸಾಗಿ.

"ಮಾಡ್ತಾನೇ ಇದೀನಿ ಕಣ್ರೀ. ಅದು ನನ್ ಮಾತು ಕೇಳ್ತಿಲ್ಲ."

ಕಣ್ಣಂಚಿಗೆ ಬಂದ ನೀರನ್ನು ಒರೆಸಿಕೊಳ್ಳಲೂ ಅವಳಿಗಾಗಲಿಲ್ಲ. ಅವನೇ ಒರೆಸಿದ.

ಇಂಥ ರೋಗಿಗಳ ಮೇಲೆಯೇ ಅಧ್ಯಯನ ಮಾಡುತ್ತಿದ್ದ ಡಾಕ್ಟರ್ ತ್ರಿವೇಣಿ ಆ ವಾರ ಬಂದರು. ಬಸುರಿಯರ ಹೊಟ್ಟೆ ನೋಡುವಂಥದೇ ಒಂದು ಸಣ್ಣ ಸ್ಕ್ಯಾನಿಂಗ್ ಯಂತ್ರ ಅವರ ಜೊತೆಗಿತ್ತು. ಮೊದಲು ಕರಿಯಣ್ಣನ ತೊಡೆಗೇ ಹಿಡಿದರು. ಪರದೆಯ ಮೇಲೆ ಕಪ್ಪಗೆ, ದಪ್ಪನೆಯ ಸ್ನಾಯುವಿನ ಪಟ್ಟಿ. ಆಮೇಲೆ ಭಾಗಮ್ಮನದು. ಅದೇ ಜಾಗದಲ್ಲಿ ತೆಳ್ಳಗೆ, ಬೂದಿ ಬಡಿದಂತೆ ಬೆಳ್ಳಗೆ ಏನೋ ಕಂಡಿತು.

"ನಂಜು ನರಕ್ಕೂ ಪೆಟ್ಟು ಕೊಟ್ಟಿದೆ, ಸ್ನಾಯೂನೂ ಕರಗಿಸಿದೆ," ಎಂದರು ತ್ರಿವೇಣಿ. "ಇವ್ರು ಹೆದರಿಕೊಂಡು ಮಲಗಿರೋದಲ್ಲ."

ಕರಿಯಣ್ಣ ತಲೆ ತಗ್ಗಿಸಿದ.

"ಭಾಗಮ್ಮ, ಕಾಲು ಎತ್ತೋಕೆ ನೋಡಿ."

ಭಾಗಮ್ಮ ಹಲ್ಲು ಕಚ್ಚಿದಳು. ಕಾಲು ಹಾಸಿಗೆ ಬಿಟ್ಟು ಒಂದೆಳೆಯಷ್ಟೂ ಏಳಲಿಲ್ಲ. ಪರದೆಯ ಮೇಲಿನ ಪಟ್ಟಿ ಮಾತ್ರ ಒಮ್ಮೆ ಉಬ್ಬಿ, ಮತ್ತೆ ಸಡಿಲಿತು.

"ಅದು ನಂದೇನಾ?"

"ನಿಮ್ದೇ. ನೀವು ಹೇಳಿದ್ದು ಅಲ್ಲೀವರ್ಗೂ ತಲುಪ್ತಿದೆ. ಪೂರ್ತಿ ಸರಿಹೋಗುತ್ತೆ ಅಂತ ನಾನು ಹೇಳಲ್ಲ, ತುಂಬಾ ನಿಧಾನ ಆಗುತ್ತೆ."

"ನಿಧಾನ ಆದ್ರೆ ಆಗ್ಲಿ ಬಿಡಿ," ಎಂದಳು ಭಾಗಮ್ಮ.

ಅಂದಿನಿಂದ ಅವಳು ಮಾಡಿದ ಕೆಲಸ ಯಾರ ಕಣ್ಣಿಗೂ ಕಾಣುವಂಥದ್ದಾಗಿರಲಿಲ್ಲ. ಅಲುಗದ ಕಾಲನ್ನು ಎತ್ತುತ್ತಲೇ ಇದ್ದಳು. ಕರಿಯಣ್ಣ ತೊಡೆಯ ಮೇಲೆ ಅಂಗೈಯಿಟ್ಟು ಕಾಯುವನು. ಒಳಗೆ ಏನೋ ಬಿಗಿದಂತಾದಾಗ "ಹ್ಞಾ, ಬಂತು" ಎನ್ನುವನು. ತ್ರಿವೇಣಿ ಮತ್ತೆ ಮತ್ತೆ ಬಂದು ಚಿತ್ರ ತೆಗೆದರು. ಒಮ್ಮೆ ಏನೂ ಬದಲಾಗಿರಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದರು. ಭಾಗಮ್ಮ ಸ್ವಲ್ಪ ಹೊತ್ತು ಗೋಡೆ ನೋಡಿದಳು, ಮತ್ತೆ ಶುರುಮಾಡಿದಳು. ಇಷ್ಟು ವರ್ಷ ಜೊತೆಗಿದ್ದವಳ ಈ ಹಟವನ್ನು ತಾನು ಇದುವರೆಗೆ ಕಂಡೇ ಇರಲಿಲ್ಲವಲ್ಲ ಎನ್ನಿಸಿತು ಕರಿಯಣ್ಣನಿಗೆ.

ಬೇಸಿಗೆ ಕಳೆಯುವಷ್ಟರಲ್ಲಿ ಎದ್ದು ಕೂತಳು, ಆಮೇಲೆ ವಾಕರ್ ಹಿಡಿದು ನಿಂತಳು. ಪಾದದ ಜೋಮು ಹೋಗಲಿಲ್ಲ. ಹಂಡೆ ಇಳಿಸುವ ಕೆಲಸ ಮುಗಿದಂತೆಯೇ. ತರಕಾರಿ ಹೆಚ್ಚಿಕೊಡುತ್ತೇನೆಂದು ಶಾಲೆಗೆ ಹೇಳಿಕಳಿಸಿದಳು.

ಮನೆಗೆ ಹೊರಟ ದಿನ ಊರ ದಾರಿಯ ಅಜ್ಜಂಪುರದ ಬಸ್ಸಿನ ಮೆಟ್ಟಿಲನ್ನು ತಾನೇ ಹತ್ತಿದಳು. ಕಂಡಕ್ಟರ್ ಸೀಟಿ ಊದದೆ ಕಾದ. ಬಿದ್ದರೆ ಹಿಡಿಯಲೆಂದು ಹಿಂದಿನಿಂದ ಕೈ ಚಾಚಿಕೊಂಡು, ಮುಟ್ಟದೆ ನಿಂತಿದ್ದ ಕರಿಯಣ್ಣನತ್ತ ಅವಳು ಕಂಬಿ ಹಿಡಿದು ತಿರುಗಿದಳು.

"ಬನ್ರೀ, ಎಷ್ಟೊತ್ತು ನಿಂತಿರ್ತೀರಾ? ಜನ ಕಾಯ್ತಾವ್ರೆ."